ಹತ್ತು ಘನ ಅಡಿ ದಿಮ್ಮಿಯಲ್ಲಿ ಎಷ್ಟು ಮರ ಇರುತ್ತದೆ?

ಒಂದು ತೇಗದ ದಿಮ್ಮಿಯ ನಡುವಿನ ಸುತ್ತಳತೆ 48 ಇಂಚು, ಉದ್ದ 10 ಅಡಿ ಇದೆ ಅಂದುಕೊಳ್ಳಿ. ಸಾ ಮಿಲ್‌ನಲ್ಲಿ ಅದನ್ನು 10 ಸಿಎಫ್‌ಟಿ, ಅಂದರೆ 10 ಘನ ಅಡಿ ಎಂದು ಬರೆದುಕೊಳ್ಳುತ್ತಾರೆ. ಶಾಲೆಯಲ್ಲಿ ಕಲಿತ ಸಿಲಿಂಡರ್ ಲೆಕ್ಕ ಹಾಕಿದರೆ ಅದೇ ದಿಮ್ಮಿ 12.7 ಘನ ಅಡಿ ಬರುತ್ತದೆ. ದಿಮ್ಮಿ ಒಂದೇ, ಟೇಪೂ ಒಂದೇ. ಹಾಗಾದರೆ ಉಳಿದ 2.7 ಘನ ಅಡಿ ಎಲ್ಲಿ ಹೋಯಿತು?

ಮರದ ವ್ಯಾಪಾರದಲ್ಲಿ ನಡೆಯುವುದು ಕ್ವಾರ್ಟರ್ ಗರ್ತ್ ಲೆಕ್ಕ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಬೇಕು. ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಬೇಕು. ಸುತ್ತಳತೆ ಇಂಚಿನಲ್ಲೂ ಉದ್ದ ಅಡಿಯಲ್ಲೂ ಇದ್ದರೆ ಕೊನೆಗೆ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬಾತ 1736ರಲ್ಲಿ ಈ ಲೆಕ್ಕದ ಕೋಷ್ಟಕಗಳನ್ನು ಅಚ್ಚು ಹಾಕಿಸಿದ. ಹಾಗಾಗಿ ಇದಕ್ಕೆ ಹಾಪಸ್ ಅಳತೆ ಅಂತಲೂ ಹೆಸರಿದೆ. ಬ್ರಿಟಿಷರ ಜೊತೆ ಭಾರತಕ್ಕೆ ಬಂದ ಲೆಕ್ಕ ಇಂದಿಗೂ ನಮ್ಮ ನಾಟಾ ಡಿಪೋಗಳಲ್ಲಿದೆ. ಅಡಿ ಹೋಗಿ ಮೀಟರ್ ಬಂದರೂ ಸೂತ್ರ ಬದಲಾಗಲಿಲ್ಲ.

ಈ ಲೆಕ್ಕ ದಿಮ್ಮಿಯ ನಿಜವಾದ ಗಾತ್ರದ ಶೇಕಡಾ 78.5ರಷ್ಟನ್ನು ಮಾತ್ರ ತೋರಿಸುತ್ತದೆ. ಬಿಟ್ಟುಹೋದ ಭಾಗ ಗರಗಸದ ಪಾಲು. ಗುಂಡಗಿನ ಮರವನ್ನು ಚೌಕ ಮಾಡುವಾಗ ಹೊರಮೈ ಹಲಗೆಗಳೂ ಹೊಟ್ಟೂ ಬೀಳುತ್ತವೆ, ಅದಕ್ಕೆ ಮೊದಲೇ ಇಟ್ಟ ರಿಯಾಯಿತಿ ಇದು. ಕೊಡುವವರಿಗೂ ಕೊಳ್ಳುವವರಿಗೂ ಗೊತ್ತಿದ್ದರೆ ಇದರಲ್ಲಿ ಮೋಸವೇನೂ ಇಲ್ಲ. ಬೆಲೆಯೂ ಅದೇ ಅಳತೆಗೆ ಹೊಂದಿಕೊಂಡಿರುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿದ್ದಾಗಲೇ ತೊಂದರೆ. ನಿಜವಾದ ಒಂದು ಘನ ಮೀಟರ್ ಮರ ಎಂದರೆ 35.3 ಘನ ಅಡಿ. ಹಾಪಸ್ ಲೆಕ್ಕದಲ್ಲಿ ಅದು 27.7 ಮಾತ್ರ. ಘನ ಮೀಟರಿನ ದರವನ್ನು ಘನ ಅಡಿಗೆ ಇಳಿಸುವಾಗ ಯಾವ ಸಂಖ್ಯೆಯಿಂದ ಭಾಗಿಸಿದರು ಎಂದು ಕೇಳಲೇಬೇಕು.

ಇದನ್ನು ಹೊಲದ ಬದುವಿನಲ್ಲಿ ತೇಗ ನೆಟ್ಟು ಇಪ್ಪತ್ತು ವರ್ಷ ಕಾದ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಡಿಕೆ, ಶುಂಠಿಯನ್ನು ತೂಕ ಹಾಕದೆ ಕೊಡದವರು ಕೂಡ ಮರವನ್ನು ಕಣ್ಣಂದಾಜಿನಲ್ಲಿ, ಎಲ್ಲಾ ಸೇರಿ ಇಷ್ಟು ಎಂದು ಕೊಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದು ಟೇಪು ಸಾಕು.

ಆದರೆ ಟೇಪನ್ನು ಎಲ್ಲಿ ಸುತ್ತುತ್ತಾರೆ ನೋಡಬೇಕು. ಮರ ಬುಡದಿಂದ ತುದಿಗೆ ಸಣ್ಣದಾಗುತ್ತಾ ಹೋಗುತ್ತದೆ. ಅಳೆಯಬೇಕಾದ ಜಾಗ ದಿಮ್ಮಿಯ ನಟ್ಟನಡುವೆ. ನಮ್ಮ ಉದಾಹರಣೆಯ ದಿಮ್ಮಿಯ ಸಣ್ಣ ತುದಿ 44 ಇಂಚು ಇದೆ ಎಂದುಕೊಂಡು ಅಲ್ಲಿ ಅಳೆದರೆ 10 ಘನ ಅಡಿ 8.4ಕ್ಕೆ ಇಳಿಯುತ್ತದೆ. ನಾಲ್ಕೇ ಇಂಚಿನ ವ್ಯತ್ಯಾಸ, ಆದರೆ ಆರರಲ್ಲಿ ಒಂದು ಪಾಲು ಹೋಯಿತು! ಸುತ್ತಳತೆಯನ್ನು ಅದರಿಂದಲೇ ಗುಣಿಸುವುದರಿಂದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ತೊಗಟೆಯ ಲೆಕ್ಕವೂ ಹೀಗೇ. ಒಂದು ಸೆಂಟಿಮೀಟರ್ ದಪ್ಪದ ತೊಗಟೆ ತೆಗೆದರೆ ಸುತ್ತಳತೆಯಲ್ಲಿ ಸುಮಾರು ಎರಡೂವರೆ ಇಂಚು ಕಡಿಮೆಯಾಗಿ, 10 ಘನ ಅಡಿ 9 ಆಗುತ್ತದೆ. ಕೊಳ್ಳುವವರು ತೊಗಟೆಗೆ ದುಡ್ಡು ಕೊಡುವುದಿಲ್ಲ, ಅದು ನ್ಯಾಯವೇ. ಆದರೆ ತೊಗಟೆ ಬಿಡಿಸಿ ಅಳೆದ ಮೇಲೆ ಮತ್ತೊಮ್ಮೆ ತೊಗಟೆಯ ಹೆಸರಿನಲ್ಲಿ ಕಳೆಯುವ ಹಾಗಿಲ್ಲ.

ಅಳತೆ ಮುಗಿದ ಮೇಲೆ ದಿಮ್ಮಿಯ ಕೊಯ್ದ ಮುಖ ನೋಡಬೇಕು. ಬೆಲೆಯ ದೊಡ್ಡ ಪಾಲು ಅಲ್ಲೇ ನಿರ್ಧಾರವಾಗುತ್ತದೆ. ತೇಗದಲ್ಲಿ ಹೊರಗೆ ಮಾಸಲು ಬಿಳಿಯ ಪಟ್ಟಿ, ಒಳಗೆ ಕಂದು ಹೊನ್ನಿನ ಬಣ್ಣದ ಚೇಗು. ಮರ ಬದುಕಿದ್ದಾಗ ನೀರು ಸಾಗಿಸಿದ್ದು, ಪಿಷ್ಟ ಕೂಡಿಟ್ಟಿದ್ದು ಆ ಬಿಳಿ ಭಾಗ. ಪಿಷ್ಟ ಇರುವಲ್ಲಿಗೆ ಕುಟ್ಟೆ ಹುಳ ಬಂದೇ ಬರುತ್ತದೆ. ಒಳಗಿನ ಜೀವಕೋಶಗಳು ಸಾಯುವ ಹೊತ್ತಿಗೆ ಮರ ಅಲ್ಲಿ ಬೇರೆ ರಾಸಾಯನಿಕಗಳನ್ನು ತುಂಬುತ್ತದೆ. ತೇಗದ ಚೇಗಿನಲ್ಲಿರುವ ಟೆಕ್ಟೊಕ್ವಿನೋನ್ ಗೆದ್ದಲಿಗೆ ಆಗದ ವಸ್ತು. ಜೊತೆಗೆ ರಬ್ಬರಿನಂಥ ಒಂದು ಅಂಶವಿದ್ದು ಅದು ನೀರನ್ನು ದೂರ ಇಡುತ್ತದೆ. ತೇಗಕ್ಕೆ ಹೆಸರು ಬಂದಿರುವುದೆಲ್ಲ ಚೇಗಿನಿಂದ. ಬಿಳಿ ಭಾಗ ತೇಗದ್ದೇ ಆದರೂ ಬಾಳಿಕೆಯಲ್ಲಿ ಸಾಧಾರಣ ಮರ.

ದಪ್ಪ ದಿಮ್ಮಿಗೆ ಪ್ರತಿ ಘನ ಅಡಿಗೂ ಜಾಸ್ತಿ ಬೆಲೆ ಏಕೆ ಎಂಬುದಕ್ಕೆ ಇಲ್ಲೇ ಉತ್ತರ ಸಿಗುತ್ತದೆ. ಬಿಳಿ ಪಟ್ಟಿ ಒಂದೂವರೆ ಇಂಚು ದಪ್ಪ ಇದೆ ಎನ್ನೋಣ. 36 ಇಂಚು ಸುತ್ತಳತೆಯ ದಿಮ್ಮಿಯಲ್ಲಿ ಆಗ ಚೇಗು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು ಶೇಕಡಾ 54. ಅದೇ ಪಟ್ಟಿ 72 ಇಂಚಿನ ದಿಮ್ಮಿಯಲ್ಲಿದ್ದರೆ ಚೇಗು ಶೇಕಡಾ 75. ಮರ ದಪ್ಪವಾದಷ್ಟೂ ಗಾತ್ರವೂ ಏರುತ್ತದೆ, ಒಳ್ಳೆಯ ಮರದ ಪಾಲೂ ಏರುತ್ತದೆ, ಅಗಲದ ಹಲಗೆಯೂ ಸಿಗುತ್ತದೆ. ಹಣದ ತುರ್ತು ಇಲ್ಲದಿದ್ದರೆ, ಇನ್ನೂ ದಪ್ಪವಾಗುತ್ತಿರುವ ಮರವನ್ನು ಕೆಲವು ವರ್ಷ ನಿಲ್ಲಿಸುವುದೇ ಲಾಭ ಅಂತ ನನಗೆ ಅನ್ನಿಸುವುದು ಇದಕ್ಕೇ. ತೆಳ್ಳಗಿನ, ಸೊಟ್ಟ ಮರಗಳನ್ನು ತೆಗೆದು ಉಳಿದವಕ್ಕೆ ಬೆಳಕು ಕೊಡುವುದು ಇನ್ನೂ ಒಳ್ಳೆಯದು.

ಕೊಯ್ದ ಮುಖದಲ್ಲಿ ಉಂಗುರಗಳೂ ಕಾಣುತ್ತವೆ. ನಮ್ಮ ಕಾಡಿನ ಬಹಳಷ್ಟು ಮರಗಳಲ್ಲಿ ಅವು ಇಷ್ಟು ಸ್ಪಷ್ಟವಾಗಿರುವುದಿಲ್ಲ. ತೇಗ ಒಣಗಾಲದಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತದೆ. ಮತ್ತೆ ಚಿಗುರಿದಾಗ ಮೊದಲು ದೊಡ್ಡ ನೀರ್ಗೊಳವೆಗಳ ಸಾಲು ಮೂಡಿ, ವರ್ಷಕ್ಕೊಂದು ಗೆರೆ ಉಳಿಯುತ್ತದೆ. ಕೇರಳದ ಹಳೆಯ ತೇಗದ ಉಂಗುರಗಳಿಂದ ನಮ್ಮ ವಿಜ್ಞಾನಿಗಳು ಹಿಂದಿನ ಮುಂಗಾರುಗಳ ಚರಿತ್ರೆಯನ್ನೇ ಬಿಡಿಸಿದ್ದಾರೆ. ಉಂಗುರ ಅಗಲವಾಗಿದ್ದರೆ 'ಬೇಗ ಬೆಳೆದ ಮೆದು ಮರ' ಎಂದು ಬೆಲೆ ಇಳಿಸುವವರಿದ್ದಾರೆ. ತೇಗದ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ದೊಡ್ಡ ಗೊಳವೆಗಳ ಸಾಲು ಹೆಚ್ಚೂ ಕಡಿಮೆ ಅಷ್ಟೇ ಇರುತ್ತದೆ, ಅಗಲವಾಗುವುದು ಅದರಾಚೆಯ ಗಟ್ಟಿ ಭಾಗ. ನಿಜಕ್ಕೂ ಬಲ ಕಡಿಮೆ ಇರುವುದು ಮರದ ನಟ್ಟನಡುವಿನ ತಿರುಳಿನ ಸುತ್ತ, ಮರ ಚಿಕ್ಕದಿದ್ದಾಗ ಬೆಳೆದ ಭಾಗದಲ್ಲಿ.

ತುದಿಯಲ್ಲಿ ಸೀಳು ಬಿಟ್ಟಿದ್ದರೆ ಬೆಲೆ ಬೀಳುತ್ತದೆ. ಇದನ್ನು ತಡೆಯಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ. ನಡುವಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಉಂಗುರದ ಗುಂಟ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಆ ಎಳೆತಕ್ಕೆ ಮರ ಸೀಳಲೇಬೇಕು. ನೀರು ಬೇಗ ಹೋಗುವುದು ಕೊಯ್ದ ತುದಿಗಳಿಂದ, ಆದ್ದರಿಂದ ಸೀಳು ಶುರುವಾಗುವುದೂ ಅಲ್ಲೇ. ಕಡಿದ ದಿನವೇ ತುದಿಗಳಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿದು ನೆರಳಿನಲ್ಲಿಟ್ಟರೆ ಸೀಳು ಬಹಳ ಕಡಿಮೆಯಾಗುತ್ತದೆ.

ಇಷ್ಟೆಲ್ಲ ನೋಡಿದರೂ ಒಳಗಿನ ಪೊಳ್ಳು ಹೊರಗೆ ಕಾಣಿಸದು. ಅದಕ್ಕೇ ಹಳೆಯ ವ್ಯಾಪಾರಿಗಳು ಕೊಡಲಿಯ ಹಿಂಬದಿಯಿಂದ ತಟ್ಟಿ ಕಿವಿಗೊಡುತ್ತಾರೆ. ಶಬ್ದ ಗಟ್ಟಿ ಮರದಲ್ಲಿ ನೇರವಾಗಿ, ವೇಗವಾಗಿ ಹಾಯುತ್ತದೆ. ಪೊಳ್ಳಿದ್ದರೆ ಅದು ಸುತ್ತಿ ಬರಬೇಕು, ಹಾಗಾಗಿ ತಡವಾಗುತ್ತದೆ, ದನಿಯೂ ಬದಲಾಗುತ್ತದೆ. ಈಗ ಇದೇ ತತ್ವದ ಮೇಲೆ ಮರಕ್ಕೆ ಸೆನ್ಸರ್ ಚುಚ್ಚಿ ಒಳಗಿನ ಚಿತ್ರ ತೆಗೆಯುವ ಯಂತ್ರಗಳೂ ಬಂದಿವೆ.

ಹೀಗೆ ಒಳಗೇನಿದೆ ಎಂದು ಪೂರ್ತಿ ಗೊತ್ತಿಲ್ಲದ ವಸ್ತುವನ್ನು ಹರಾಜಿನಲ್ಲಿ ಕೊಳ್ಳುವುದು ಸುಲಭವಲ್ಲ. ದಾಂಡೇಲಿಯಂಥ ಸರ್ಕಾರಿ ಡಿಪೋಗಳಲ್ಲಿ ದಿಮ್ಮಿಗಳನ್ನು ಜಾತಿ, ದಪ್ಪ ನೋಡಿ ಲಾಟ್ ಮಾಡಿ, ಒಂದೊಂದಕ್ಕೂ ನಂಬರ್ ಹಾಕಿ ಇಟ್ಟಿರುತ್ತಾರೆ. ಹತ್ತು ಜನ ಒಂದೇ ಲಾಟ್ ನೋಡಿ ಹತ್ತು ಅಂದಾಜು ಮಾಡುತ್ತಾರೆ. ನಿಜವಾದ ಬೆಲೆ ಆ ಹತ್ತರ ನಡುವೆ ಎಲ್ಲೋ ಇರುತ್ತದೆ. ಲಾಟ್ ಸಿಗುವುದು ಮಾತ್ರ ಎಲ್ಲರಿಗಿಂತ ಜಾಸ್ತಿ ಅಂದಾಜು ಮಾಡಿದವರಿಗೆ. 1971ರಲ್ಲಿ ಅಮೆರಿಕದ ಮೂವರು ಪೆಟ್ರೋಲಿಯಂ ಎಂಜಿನಿಯರ್‌ಗಳು ತೈಲ ನಿಕ್ಷೇಪಗಳ ಹರಾಜಿನಲ್ಲಿ ಇದನ್ನೇ ಗುರುತಿಸಿದರು. ಗೆದ್ದವರೇ ಸೋಲುವ ಈ ಬಲೆ ದಿಮ್ಮಿಯ ಹರಾಜಿಗೂ ಹಾಗೆಯೇ ಅನ್ವಯಿಸುತ್ತದೆ. ಅನುಭವಿಗಳು ತಮ್ಮ ಅಂದಾಜಿಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತಾರೆ. ಇ-ಹರಾಜು ಬಂದ ಮೇಲೆ ಊರಿನಿಂದಲೇ ಸವಾಲು ಹಾಕಬಹುದು, ಆದರೆ ಡಿಪೋಗೆ ಹೋಗಿ ದಿಮ್ಮಿ ನೋಡದೆ ಹಾಕುವುದು ಅಪಾಯ.

ಪೇಟೆಯಲ್ಲಿ ಈಗ ಹೊರದೇಶದ ಮರವೂ ಇದೆ. ಬರ್ಮಾದವರು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತು ನಿಲ್ಲಿಸಿದರು. ಆಫ್ರಿಕಾ, ಲ್ಯಾಟಿನ್ ಅಮೆರಿಕದ ನೆಡುತೋಪುಗಳ ತೇಗ ನಮ್ಮ ಬಂದರುಗಳಿಗೆ ಇಳಿಯುತ್ತಿದೆ. ಅದರಲ್ಲಿ ಬಹಳಷ್ಟು ಸಣ್ಣ ವಯಸ್ಸಿನ ಮರ. ನಮ್ಮ ಹೊಲದ ತೇಗ ಪೈಪೋಟಿ ಮಾಡಬೇಕಾಗಿರುವುದು ಅದರ ಜೊತೆ.

ಹೊಲದ ಮರ ಕೊಡುವವರು ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಬೇಕು. ತೇಗ ನಿಮ್ಮ ಜಮೀನಿನಲ್ಲೇ ಬೆಳೆದಿದ್ದರೂ ಕಡಿಯಲು ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಕಾಗದ ಇಲ್ಲದ ಮರಕ್ಕೆ ಯಾರೂ ಸರಿಯಾದ ಬೆಲೆ ಕೊಡುವುದಿಲ್ಲ. ಆಮೇಲೆ ಮರ ಬಿದ್ದ ದಿನ ಗರಗಸದವರ ಪಕ್ಕದಲ್ಲೇ ನಿಲ್ಲಿ. ಲಾರಿಗೆ ಹೊಂದಲಿ ಎಂದು ಮನಸ್ಸಿಗೆ ಬಂದಲ್ಲಿ ತುಂಡು ಮಾಡಲು ಬಿಡಬೇಡಿ. ಬಾಗಿಲ ಚೌಕಟ್ಟಿನ ನಿಲುವಿಗೆ ಏಳು ಅಡಿ ಬೇಕಾಗುತ್ತದೆ. ಆರೂವರೆ ಅಡಿಗೆ ಕೊಯ್ದ ದಿಮ್ಮಿ ಎಷ್ಟೇ ಚೆನ್ನಾಗಿದ್ದರೂ ಆ ಕೆಲಸಕ್ಕೆ ಬಾರದು. ಸೊಟ್ಟ ಇರುವಲ್ಲಿ, ದೊಡ್ಡ ಗಂಟು ಇರುವಲ್ಲಿ ಕೊಯ್ಯಿಸಿ. ನೇರವಾದ ಬುಡದ ತುಂಡನ್ನು ಏಳೂವರೆ ಅಡಿಯಾದರೂ ಉಳಿಸಿಕೊಂಡು, ನಡುವಿನ ಸುತ್ತಳತೆಯನ್ನು ಅಲ್ಲೇ ಸೀಮೆಸುಣ್ಣದಲ್ಲಿ ಬರೆದಿಡಿ.