ಗೇಲಿಗೆ ಗುರಿಯಾದವನು ಎದುರಿಗೇ ಕುಳಿತಾಗ

ಸ್ಕಾಟ್ಲೆಂಡಿನವನೊಬ್ಬ, ಯಹೂದಿಯೊಬ್ಬ ಹೋಟೆಲಿನಲ್ಲಿ ಉಂಡರು. ಬಿಲ್ಲು ಬಂದಾಗ ‘ನಾನೇ ಕೊಡುತ್ತೇನೆ’ ಎಂದು ಸ್ಕಾಟ್ಲೆಂಡಿನವನ ದನಿ ಕೇಳಿಸಿತು. ಮರುದಿನದ ಪತ್ರಿಕೆಯಲ್ಲಿ ಸುದ್ದಿ: ತುಟಿ ಅಲುಗಿಸದೆ ಮಾತನಾಡಬಲ್ಲ ಯಹೂದಿ ಕಲಾವಿದನ ಕೊಲೆ!

ಇಬ್ಬರನ್ನೂ ಜಿಪುಣರಾಗಿಸುವ ಈ ಹಳಸಲು ಚಟಾಕಿ 1988ರ ನವೆಂಬರಿನಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ ಕಾಣಿಸಿಕೊಂಡಿತು. ಆಗಿನ್ನೂ ವೆಬ್ ಹುಟ್ಟಿರಲಿಲ್ಲ. ಕೆನಡಾದ ಬ್ರಾಡ್ ಟೆಂಪಲ್‌ಟನ್ ಹಿಂದಿನ ವರ್ಷವಷ್ಟೇ ಆರಂಭಿಸಿದ್ದ ನಗೆಹನಿಗಳ ಗುಂಪು ಅದು. ನಾತ್ಸಿಗಳು ಯಹೂದಿಗಳ ಅಂಗಡಿ, ಮಂದಿರಗಳನ್ನು ಒಡೆದು ಸುಟ್ಟ ರಾತ್ರಿಗೆ ಐವತ್ತು ವರ್ಷ ತುಂಬುವ ಹೊತ್ತು. ದೂರು ಎದ್ದಿತು, ಪತ್ರಿಕೆಗೆ ಹೋಯಿತು, ವಾಟರ್‌ಲೂ ವಿಶ್ವವಿದ್ಯಾಲಯ ಗುಂಪಿನೊಂದಿಗಿನ ಕೊಂಡಿ ಕಡಿದುಕೊಂಡಿತು. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೂಡ ಆ ಗುಂಪಿಗೆ ಬಾಗಿಲು ಹಾಕಿತು. ಕೃತಕ ಬುದ್ಧಿಮತ್ತೆಗೆ ಆ ಹೆಸರಿಟ್ಟ ಜಾನ್ ಮೆಕಾರ್ತಿ ಮುಂದೆ ನಿಂತು ಪ್ರತಿಭಟಿಸಿದ ಮೇಲೆ ಮತ್ತೆ ತೆರೆಯಿತು.

ಚಟಾಕಿಯಲ್ಲಿ ಹೊಸದೇನೂ ಇರಲಿಲ್ಲ, ಹೊಸಬನಾಗಿದ್ದವನು ಕೇಳುಗ. ಸುಮಾರು 1,600 ವರ್ಷ ಹಳೆಯ ಗ್ರೀಕ್ ನಗೆಹನಿಗಳ ಸಂಕಲನವೊಂದರಲ್ಲಿ ಅಬ್ದೆರಾ ಊರಿನವರೆಂದರೆ ಪೆದ್ದರು. ಅಲ್ಲಿಯವನೊಬ್ಬ ನೇಣು ಹಾಕಿಕೊಳ್ಳಲು ಹೋಗಿ, ಹಗ್ಗ ಹರಿದು ತಲೆಗೆ ಪೆಟ್ಟಾಗಿ, ವೈದ್ಯರಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದು ಮತ್ತೆ ನೇಣಿಗೆ ಹೋದನಂತೆ. ಇಂಗ್ಲಿಷರಿಗೆ ಐರಿಷರು, ಫ್ರೆಂಚರಿಗೆ ಬೆಲ್ಜಿಯಂನವರು, ಸ್ವೀಡನ್ನಿನವರಿಗೆ ನಾರ್ವೆಯವರು ಇಂಥದೇ ಪೆದ್ದರು. ಸಮಾಜಶಾಸ್ತ್ರಜ್ಞ ಕ್ರಿಸ್ಟಿ ಡೇವಿಸ್ ಇದನ್ನು ಜಗತ್ತಿನುದ್ದಕ್ಕೂ ಹುಡುಕಿ ನೋಡಿದರು: ಪೆದ್ದನ ಪಟ್ಟ ಸಿಗುವುದು ತೀರಾ ಪರಕೀಯನಿಗಲ್ಲ, ನಮ್ಮಂತೆಯೇ ಇದ್ದು ಅಂಚಿನಲ್ಲಿರುವ ನೆರೆಯವನಿಗೆ. ಆ ನೆರೆಯವನು ಗಡಿಯಾಚೆ ಇರುತ್ತಿದ್ದ. ಜಾಲ ಅವನನ್ನು ಅದೇ ಜಗಲಿಗೆ ತಂದು ಕೂರಿಸಿತು.

ಕ್ರೌಟ್‌ಚಾನ್ ಎಂಬ ಜರ್ಮನ್ ತಾಣದ ಅಂತರರಾಷ್ಟ್ರೀಯ ವಿಭಾಗದಲ್ಲಂತೂ ಬರೆದವನ ಪಕ್ಕದಲ್ಲೇ ಅವನ ದೇಶದ ಬಾವುಟ ತಾನಾಗಿ ಮೂಡುತ್ತಿತ್ತು. ಹೆಸರಿಲ್ಲ, ಮುಖವಿಲ್ಲ, ಬಾವುಟ ಮಾತ್ರ. ಒಬ್ಬ ಕಾಗುಣಿತ ತಪ್ಪಿದರೆ ಇಡೀ ದೇಶವೇ ತಪ್ಪಿದಂತೆ. 2009ರಲ್ಲಿ ಅಲ್ಲಿಂದಲೇ ‘ಪೋಲೆಂಡ್‌ಬಾಲ್’ ಹುಟ್ಟಿತು: ಕೈಕಾಲಿಲ್ಲದ, ಎರಡು ಕಣ್ಣುಗಳಷ್ಟೇ ಇರುವ, ಸೊಟ್ಟಗೆ ಬಿಡಿಸಿದ ಚೆಂಡು, ಮೈಮೇಲೆ ಪೋಲೆಂಡಿನ ಬಾವುಟದ ಬಣ್ಣ. ಒಂದು ಚಿತ್ರಕಥೆಯಲ್ಲಿ ಉಲ್ಕೆ ಬಂದು ಭೂಮಿಗೆ ಬಡಿಯಲಿದೆ. ಅಂತರಿಕ್ಷ ತಂತ್ರಜ್ಞಾನವಿರುವ ದೇಶಗಳೆಲ್ಲ ಭೂಮಿ ಬಿಟ್ಟು ಹೋಗುತ್ತವೆ. ಪೋಲೆಂಡ್ ಮಾತ್ರ ಅಳುತ್ತ ಉಳಿಯುತ್ತದೆ. ‘ಪೋಲೆಂಡ್ ಅಂತರಿಕ್ಷದೊಳಗೆ ಆಗುವುದಿಲ್ಲ’ ಎಂದು ಹರಕು ಇಂಗ್ಲಿಷಿನಲ್ಲಿ ಅಡಿಬರಹ. ‘ಹೋಗು’ ಎಂಬ ಕ್ರಿಯಾಪದವೇ ಅದರಲ್ಲಿಲ್ಲ. ಒಂದೇ ಭಾಷೆ ಬಲ್ಲವನು ಎರಡನೆಯದರಲ್ಲಿ ತಡವರಿಸುವವನನ್ನು ಕಂಡು ನಗುವುದು ನನಗೆ ಈ ಚಿತ್ರಗಳ ಅತಿ ಅಗ್ಗದ ಭಾಗವೆನಿಸುತ್ತದೆ. ಆದರೆ ಬರಬರುತ್ತ ಪೋಲೆಂಡಿನವರೇ ಇವನ್ನು ಬರೆಯತೊಡಗಿದರು, ಜರ್ಮನಿ, ರಷ್ಯಾಗಳ ಚೆಂಡುಗಳನ್ನೂ ಬಿಡಲಿಲ್ಲ.

ಅಂದ ಹಾಗೆ, ಪೋಲೆಂಡಿನ ಮಿರೊಸ್ವಾಫ್ ಹೆರ್ಮಶೆಫ್ಸ್ಕಿ 1978ರಲ್ಲೇ ಸೋವಿಯತ್ ಸೋಯುಜ್ 30 ನೌಕೆಯಲ್ಲಿ ಅಂತರಿಕ್ಷಕ್ಕೆ ಹೋಗಿ ಬಂದಿದ್ದರು. ಬಾವುಟವೂ ತಪ್ಪೇ: ನಿಜವಾದದ್ದರಲ್ಲಿ ಬಿಳಿ ಮೇಲೆ, ಕೆಂಪು ಕೆಳಗೆ, ಚೆಂಡಿನಲ್ಲಿ ತಲೆಕೆಳಗು. ಗೊತ್ತಿಲ್ಲದ ಹೊಸಬನೊಬ್ಬ ಅದನ್ನು ಸರಿಪಡಿಸಿ ಬರೆದರೆ, ಚಿತ್ರ ತಪ್ಪಾಗಿದೆಯೆಂದು ಹಳಬರು ತಿದ್ದುತ್ತಾರೆ.