ಲ್ಯಾಪ್‌ಟಾಪ್‌ನಲ್ಲಿ ತೆರೆಯುವ ಖಾತೆ ಫೋನಿನಲ್ಲಿ ಏಕೆ ತೆರೆಯುತ್ತಿಲ್ಲ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ನಲ್ಲಿ ನನ್ನದೊಂದು ಖಾತೆ ಏನನ್ನೂ ಕೇಳದೆ ತೆರೆದುಕೊಳ್ಳುತ್ತದೆ. ಹೊಸ ಫೋನಿನಲ್ಲಿ ಪಾಸ್‌ವರ್ಡ್ ಕೇಳುತ್ತಿದೆ. ಪಾಸ್‌ವರ್ಡ್ ಮರೆತಿದೆ, ಯಾವ ಇಮೇಲ್ ಕೊಟ್ಟಿದ್ದೆ ಎಂಬುದೂ ನೆನಪಿಲ್ಲ. ಲ್ಯಾಪ್‌ಟಾಪ್‌ನಿಂದ ಅದನ್ನು ತಿಳಿದುಕೊಳ್ಳಬಹುದೇ?

ಉತ್ತರ: ಬಹುಶಃ ಹೌದು. ಆದರೆ ಈ ಕೆಲಸ ಮುಗಿಯುವವರೆಗೆ ಲ್ಯಾಪ್‌ಟಾಪ್‌ನಲ್ಲಿ ಆ ಖಾತೆಯಿಂದ ಲಾಗ್‌ಔಟ್ ಆಗಬೇಡಿ, ಬ್ರೌಸರ್‌ನ ಕುಕಿಗಳನ್ನು ಅಳಿಸಬೇಡಿ. ‘ಒಮ್ಮೆ ಹೊರಬಂದು ಮತ್ತೆ ಒಳಗೆ ಹೋಗಿ ನೋಡೋಣ’ ಎಂದುಕೊಂಡು ಕೈಯಲ್ಲಿದ್ದ ಖಾತೆಯನ್ನೂ ಕಳೆದುಕೊಂಡವರು ಬಹಳ ಮಂದಿ.

ಖಾತೆ ತಾನಾಗಿ ತೆರೆಯುತ್ತದೆ ಎಂದ ಮಾತ್ರಕ್ಕೆ ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡ್ ಗೊತ್ತಿದೆ ಎಂದಲ್ಲ. ನೀವು ಎಂದೋ ಲಾಗಿನ್ ಆದಾಗ ಆ ಜಾಲತಾಣ ನಿಮ್ಮ ಬ್ರೌಸರ್‌ಗೆ ಕುಕಿಯ ರೂಪದಲ್ಲಿ ಒಂದು ಗುರುತಿನ ಚೀಟಿ ಕೊಟ್ಟಿದೆ. ಅಂದಿನಿಂದ ಬ್ರೌಸರ್ ತೋರಿಸುತ್ತಿರುವುದು ಆ ಚೀಟಿಯನ್ನು. ಅದು ಫೋನಿನಲ್ಲಿ ಇಲ್ಲ, ಹಾಗಾಗಿ ಫೋನ್ ನಿಮ್ಮನ್ನು ಅಪರಿಚಿತರಂತೆ ಕಾಣುತ್ತಿದೆ.

ಪಾಸ್‌ವರ್ಡ್ ಹುಡುಕುವ ಆತುರ ಸದ್ಯಕ್ಕೆ ಬೇಡ. ತೆರೆದಿರುವ ಖಾತೆಯ ಸೆಟ್ಟಿಂಗ್ಸ್ ಅಥವಾ ಪ್ರೊಫೈಲ್ ಪುಟಕ್ಕೆ ಹೋಗಿ, ಅಲ್ಲಿರುವ ಇಮೇಲ್ ವಿಳಾಸ, ಬಳಕೆದಾರ ಹೆಸರು, ಮೊಬೈಲ್ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಜನರನ್ನು ಹೆಚ್ಚು ಸತಾಯಿಸುವುದು ಮರೆತ ಪಾಸ್‌ವರ್ಡ್ ಅಲ್ಲ, ಮರೆತ ಇಮೇಲ್. ಪಾಸ್‌ವರ್ಡ್ ಬದಲಾಯಿಸಬಹುದು, ಬದಲಾಯಿಸುವ ಕೊಂಡಿ ಯಾವ ಅಂಚೆಪೆಟ್ಟಿಗೆಗೆ ಬರುತ್ತದೆ ಎಂದೇ ತಿಳಿಯದಿದ್ದರೆ ಏನು ಮಾಡುವುದು? ಖಾತೆ ಎಲ್ಲಿಯೂ ತೆರೆದಿಲ್ಲದವರು ತಮ್ಮ ಎಲ್ಲ ಇಮೇಲ್‌ಗಳಲ್ಲಿ ಆ ಜಾಲತಾಣದ ಹೆಸರು ಹಾಕಿ ಹುಡುಕಬೇಕು. ನೋಂದಣಿಯ ದಿನ ಬಂದ ಸ್ವಾಗತ ಪತ್ರ ಯಾವುದೋ ಒಂದರಲ್ಲಿ ಬಿದ್ದಿರುತ್ತದೆ.

ಈಗ ಪಾಸ್‌ವರ್ಡ್. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ‘ಪಾಸ್‌ವರ್ಡ್ಸ್’ ಎಂಬ ವಿಭಾಗವಿದೆ. ಉಳಿಸಿದ ಪಾಸ್‌ವರ್ಡ್ ತೋರಿಸುವ ಮೊದಲು ಬ್ರೌಸರ್ ಸಾಮಾನ್ಯವಾಗಿ ಕಂಪ್ಯೂಟರಿನ ಪಿನ್ ಅಥವಾ ಬೆರಳಚ್ಚು ಕೇಳುತ್ತದೆ. ಒಂದೇ ಬ್ರೌಸರ್‌ನಲ್ಲಿ ಮನೆಗೊಂದು, ಕಚೇರಿಗೊಂದು ಎಂಬಂತೆ ಎರಡು ಮೂರು ಪ್ರೊಫೈಲ್‌ಗಳಿದ್ದರೆ ಪ್ರತಿಯೊಂದರ ಪಟ್ಟಿಯೂ ಬೇರೆ, ಎಲ್ಲವನ್ನೂ ನೋಡಿ. ಕ್ರೋಮ್‌ನಲ್ಲಿ ಸಿಂಕ್ (ಸಾಧನಗಳ ನಡುವೆ ಮಾಹಿತಿ ತಾನಾಗಿ ಹಂಚಿಕೆ) ಆಗಿದ್ದರೆ ಅದೇ ಗೂಗಲ್ ಖಾತೆಯಿರುವ ಆಂಡ್ರಾಯ್ಡ್ ಫೋನಿನಲ್ಲೂ ಪಾಸ್‌ವರ್ಡ್ ಸಿಗುತ್ತದೆ. ಆಪಲ್ ಸಾಧನಗಳಲ್ಲಿ ಈ ಕೆಲಸ 2013ರಲ್ಲಿ ಬಂದ ಐಕ್ಲೌಡ್ ಕೀಚೈನ್‌ನದು. 2024ರ ಐಒಎಸ್ 18ರಿಂದ ಅದಕ್ಕೆ ‘ಪಾಸ್‌ವರ್ಡ್ಸ್’ ಎಂಬ ಪ್ರತ್ಯೇಕ ಆ್ಯಪ್ ಇದೆ. ಹಳೆಯ ಐಫೋನ್‌ಗಳಲ್ಲಿ ಸೆಟ್ಟಿಂಗ್ಸ್ ಒಳಗೇ ಹುಡುಕಬೇಕು.

ಯಾವ ಪಟ್ಟಿಯಲ್ಲೂ ಸಿಗಲಿಲ್ಲವೇ? ಅಂಥ ಪಾಸ್‌ವರ್ಡ್ ಹುಟ್ಟಿಯೇ ಇರಲಿಕ್ಕಿಲ್ಲ! ಹಿಂದೊಮ್ಮೆ ನಾನು ಒಂದು ಖಾತೆಯ ಪಾಸ್‌ವರ್ಡಿಗಾಗಿ ಎರಡು ಸಂಜೆ ತಡಕಾಡಿದ್ದೆ. ಕೊನೆಗೆ ನೋಡಿದರೆ ಅದನ್ನು ತೆರೆದದ್ದು ‘ಗೂಗಲ್ ಮೂಲಕ ಲಾಗಿನ್’ ಗುಂಡಿ ಒತ್ತಿ. ನಿಮ್ಮ ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹೀಗೆ ಜೋಡಣೆಯಾದ ತಾಣಗಳ ಪಟ್ಟಿ ಇರುತ್ತದೆ. ಆಪಲ್ ಮೂಲಕ ಲಾಗಿನ್ ಆಗುವಾಗ ಇಮೇಲ್ ಮರೆಮಾಡಿದ್ದರೆ ಜಾಲತಾಣದ ಬಳಿ ಇರುವುದು ಆಪಲ್ ಸೃಷ್ಟಿಸಿದ ವಿಚಿತ್ರ ವಿಳಾಸ. ನಿಮ್ಮ ನಿಜವಾದ ಇಮೇಲ್ ಹಾಕಿದರೆ ‘ಇಂಥ ಖಾತೆ ಇಲ್ಲ’ ಎಂಬ ಉತ್ತರವೇ ಬರುತ್ತದೆ.

ಅದೂ ಅಲ್ಲವೆಂದರೆ ‘ಪಾಸ್‌ವರ್ಡ್ ಮರೆತಿರಾ’ ಎಂಬುದನ್ನೇ ಒತ್ತಬೇಕು. ಹಳೆಯದನ್ನು ಹೇಳಿಬಿಡಿ ಎಂದು ಜಾಲತಾಣವನ್ನು ಕೇಳಿ ಪ್ರಯೋಜನವಿಲ್ಲ. ಸರಿಯಾಗಿ ನಡೆಯುವ ತಾಣಗಳು ಪಾಸ್‌ವರ್ಡನ್ನು ಇಟ್ಟುಕೊಳ್ಳುವುದೇ ಇಲ್ಲ, ಹಿಂದಕ್ಕೆ ಬಿಡಿಸಲಾಗದಂತೆ ಗಣಿತದಿಂದ ಕಲಸಿದ ಹ್ಯಾಶ್ ಮಾತ್ರ ಅಲ್ಲಿರುತ್ತದೆ. ನಿಮ್ಮ ಹಳೆಯ ಪಾಸ್‌ವರ್ಡನ್ನು ಇಮೇಲ್‌ನಲ್ಲಿ ಬರೆದು ಕಳುಹಿಸುವ ತಾಣ ಕಂಡರೆ ಸಂತೋಷಪಡಬೇಡಿ, ಅನುಮಾನಪಡಿ. ಪಾಸ್‌ವರ್ಡ್ ಹೊರತೆಗೆದು ಕೊಡುತ್ತೇವೆ ಎನ್ನುವ ಅಪರಿಚಿತ ಉಚಿತ ತಂತ್ರಾಂಶಗಳ ಹತ್ತಿರವೂ ಹೋಗಬೇಡಿ. ನಿಮ್ಮ ಇಡೀ ಪಟ್ಟಿಯನ್ನು ಕದಿಯಲು ಕಳ್ಳನಿಗೆ ಇದಕ್ಕಿಂತ ಒಳ್ಳೆಯ ವೇಷವಿಲ್ಲ.

ಇಮೇಲ್ ಖಾತೆಯೇ ಕೈತಪ್ಪಿದ್ದರೆ ಮರುಪಡೆಯುವ ಪ್ರಯತ್ನವನ್ನು ಹೊಸ ಫೋನಿನಲ್ಲಿ ಮಾಡಬೇಡಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಸದಾ ಬಳಸುವ ಜಾಗದಲ್ಲಿ ಕುಳಿತು ಮಾಡಿ. ಪರಿಚಿತ ಸಾಧನ, ಪರಿಚಿತ ಸ್ಥಳ ಇವುಗಳನ್ನೂ ಗೂಗಲ್ ಗಮನಿಸುತ್ತದೆ.

ಪಾಸ್‌ವರ್ಡ್ ಬದಲಾದ ಕೂಡಲೇ ಹಲವು ತಾಣಗಳು ಉಳಿದೆಲ್ಲ ಸಾಧನಗಳ ಹಳೆಯ ಚೀಟಿಗಳನ್ನು ರದ್ದು ಮಾಡುತ್ತವೆ. ಮರುದಿನ ಲ್ಯಾಪ್‌ಟಾಪ್ ಸಹ ಪಾಸ್‌ವರ್ಡ್ ಕೇಳಿದರೆ ಗಾಬರಿಯಾಗಬೇಡಿ, ಹೊಸದನ್ನೇ ಕೊಡಿ.