ಗಿಟಾರಿನ ಮರ ತೋಡಿಸಿದರೆ ಗಮಕ ಬರುತ್ತಾ?

ಪ್ರಶ್ನೆ: ‘ಶಕ್ತಿ’ ಸಂಗೀತ ತಂಡದಲ್ಲಿ ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ ನುಡಿಸಿದ ಥರ ಗಮಕ (ಸ್ವರವನ್ನು ಎಳೆದು, ತೂಗಿ ನುಡಿಸುವುದು) ಬರಬೇಕು. ನನ್ನ ಗಿಟಾರಿಗೂ ಸ್ಕ್ಯಾಲಪ್ ಮಾಡಿಸಲಾ?

ಬೇಡ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಹುಡುಗನೊಬ್ಬ ಮಾತು ಕೇಳದೆ, ಬಾಗಿಲು ಕಿಟಕಿ ಮಾಡುವವರ ಹತ್ತಿರ ಗಿಟಾರ್ ಕೊಟ್ಟು ಉಜ್ಜಿಸಿಕೊಂಡು ಬಂದ. ಗಮಕ ಬರಲಿಲ್ಲ. ಇದ್ದ ಶ್ರುತಿಯೂ ಹೋಯಿತು.

ಸ್ಕ್ಯಾಲಪ್ ಅಂದರೆ ಗಿಟಾರಿನ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಎರಡು ಫ್ರೆಟ್‌ಗಳ ನಡುವಿನ ಮರವನ್ನು ದೋಣಿಯ ಹಾಗೆ ತೋಡುವುದು, ಅಷ್ಟೇ. ಬೆರಳು ಮರಕ್ಕೆ ತಾಗುವುದಿಲ್ಲ, ತಂತಿ ಹಿಡಿದು ಎಳೆಯಲು ಸಲೀಸು. ವೀಣೆ ನೋಡಿದ್ದೀರಿ, ಅಲ್ವಾ? ಮೇಣದ ಮೇಲೆ ಕೂರಿಸಿದ ಹಿತ್ತಾಳೆ ಮೆಟ್ಟಿಲುಗಳು ಎತ್ತರಕ್ಕೆ ನಿಂತಿರುತ್ತವೆ, ಬೆರಳ ಕೆಳಗೆ ಖಾಲಿ ಜಾಗ. ಅದೇ ಉಪಾಯ. ಆದರೆ ಸ್ವರ ಏರುವುದು ತಂತಿಯ ಬಿಗಿ ಹೆಚ್ಚಿದಾಗ. ಬಿಗಿ ಹೆಚ್ಚಿಸುವುದು ಬೆರಳು. ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದು ಕಿವಿ. ಮರಕ್ಕೆ ತೋಡಿ ರಾಗವೂ ಗೊತ್ತಿಲ್ಲ, ಕಲ್ಯಾಣಿಯೂ ಗೊತ್ತಿಲ್ಲ. ಕೈಯಲ್ಲಿ ಹದ ಇಲ್ಲದವರು ತೋಡಿದ ಗಿಟಾರ್ ಹಿಡಿದರೆ ಇನ್ನೂ ಕಷ್ಟ. ಸ್ವಲ್ಪ ಜಾಸ್ತಿ ಒತ್ತಿದರೂ ಸ್ವರ ಮೇಲಕ್ಕೆ ಜಾರುತ್ತದೆ.

ಮ್ಯಾಕ್‌ಲಾಫ್ಲಿನ್ ದಾರಿ ನೋಡಿ. 1971ರಲ್ಲಿ ಅವರ ಜಾಝ್-ರಾಕ್ ತಂಡ ಮಹಾವಿಷ್ಣು ಆರ್ಕೆಸ್ಟ್ರಾ ಶುರುವಾಯಿತು. ಅಲ್ಲಿ ಗಿಬ್ಸನ್ ಕಂಪನಿಯ ಎರಡು ಕುತ್ತಿಗೆಯ ಗಿಟಾರ್, ಒಂದಕ್ಕೆ 6 ತಂತಿ, ಇನ್ನೊಂದಕ್ಕೆ 12. ಜೊತೆಗೆ ಮಾರ್ಷಲ್ ಆಂಪ್, ಅಂದರೆ ದನಿ ಹೆಚ್ಚಿಸುವ ಪೆಟ್ಟಿಗೆ. ಕಿವಿ ಗುಂಯ್ ಅನ್ನುವ ದನಿ. ಆಮೇಲೆ ಬಂದ ‘ಶಕ್ತಿ’ಯಲ್ಲಿ ಎಲ್. ಶಂಕರ್ ಪಿಟೀಲು, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. ಘಟದ ಪಕ್ಕದಲ್ಲಿ ಆ ಆಂಪ್ ಇಟ್ಟರೆ ಯಾರಿಗೆ ಏನು ಕೇಳಿಸುತ್ತೆ? ಹಾಗಾಗಿ ಅಕೂಸ್ಟಿಕ್‌ಗೆ, ಅಂದರೆ ತನ್ನ ಮರದ ಒಡಲಿನಿಂದಲೇ ದನಿ ಕೊಡುವ ಗಿಟಾರಿಗೆ ಬಂದರು. ಗಿಬ್ಸನ್‌ನವರು ಮಾಡಿಕೊಟ್ಟ ಆ ಗಿಟಾರಿನಲ್ಲಿ ತಂಬೂರಿಯಂತೆ ಮೊಳಗಲು ಓರೆಯಾಗಿ ಇನ್ನೂ 7 ತಂತಿ. ಹೌದು, ಸ್ಕ್ಯಾಲಪ್ಪೂ ಇತ್ತು. ಆದರೆ ಅವರು ಅಮೆರಿಕದಲ್ಲಿ ಕರ್ನಾಟಕ ಸಂಗೀತ ವಿದ್ವಾಂಸ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತವರು. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ! 1997ರಲ್ಲಿ ‘ರಿಮೆಂಬರ್ ಶಕ್ತಿ’ ಅಂತ ಮತ್ತೆ ಕೂಡಿದಾಗ ಎಲೆಕ್ಟ್ರಿಕ್ ಹಿಡಿದರು. ಗಮಕ ಎಲ್ಲಿಗೂ ಹೋಗಲಿಲ್ಲ.

ದುಡ್ಡು ಖರ್ಚು ಮಾಡಲೇಬೇಕಾ? ತೆಳ್ಳಗಿನ ತಂತಿ ಹಾಕಿ. ಉಳಿದದ್ದು ವರಸೆಗಳ ಸಾಧನೆ.

ಅಂದಹಾಗೆ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಬಳ್ಳಾರಿಯಲ್ಲಿ ಏಪ್ರಿಲ್ ಬಂದರೆ ಗಿಟಾರ್ ಕೆಟ್ಟಿತು ಅಂತ ಓಡಿ ಬರುತ್ತೀರಿ. ಕೆಟ್ಟಿಲ್ಲ. ಉಕ್ಕಿನ ತಂತಿ ಬಿಸಿಗೆ ಹಿಗ್ಗುತ್ತದೆ, ಬಿಗಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ತಗಡಿನ ಶೀಟಿನ ಮನೆಯಾದರೆ ಮಧ್ಯಾಹ್ನ ಇನ್ನೊಮ್ಮೆ ಶ್ರುತಿ ಮಾಡಿಕೊಳ್ಳಿ. ಕುತ್ತಿಗೆಯ ಅಂಚಿನಲ್ಲಿ ಫ್ರೆಟ್ ತುದಿ ಕೈಗೆ ಚುಚ್ಚಿದರೆ ಫ್ರೆಟ್ ಬೆಳೆದಿದೆ ಅಂತಲ್ಲ, ಮರ ಒಣಗಿ ಕುಗ್ಗಿದೆ. ಸೋಪಿನ ಡಬ್ಬಿಗೆ ನಾಲ್ಕು ತೂತು ಕೊರೆದು, ಒದ್ದೆ ಸ್ಪಾಂಜ್ ಹಾಕಿ ಕೇಸಿನೊಳಗೆ ಇಡಿ. ಚೆನ್ನಾಗಿ ಹಿಂಡಿ ಇಡಿ, ನೀರು ಸೋರಬಾರದು.